ಎಲುಬೆಂಬ ಇಡುಗಂಟು

ಮನುಷ್ಯ ಶರೀರದಲ್ಲಿ ಎಲ್ಲಕ್ಕಿಂತ ನಿರ್ಜೀವವಾಗಿ ತೋರುವ ಭಾಗ ಯಾವುದೆಂದು ಕೇಳಿದರೆ ಹೆಚ್ಚಿನವರು ಎಲುಬು ಎಂದೇ ಉತ್ತರ ಕೊಡುವರು. ಹೃದಯ ಮಿಡಿಯುತ್ತದೆ, ಶ್ವಾಸಕೋಶ ಉಬ್ಬಿ ತಗ್ಗುತ್ತದೆ, ರಕ್ತ ಹರಿಯುತ್ತದೆ. ಎಲುಬು ಮಾತ್ರ ಗೋಡೆಯೊಳಗೆ ಹುದುಗಿದ ಕಂಬದಂತೆ ಸದ್ದಿಲ್ಲದೆ ನಿಂತಿದೆ. ಪ್ರಾಣ ಹೋದ ಮೇಲೆಯೂ ಬಹುಕಾಲ ಉಳಿಯುವುದು ಅದೇ. ಆದಕಾರಣ ಒಮ್ಮೆ ಬೆಳೆದು ನಿಂತ ಎಲುಬಿಗೆ ಆಮೇಲೆ ನಮ್ಮಿಂದ ಆಗಬೇಕಾದುದು ಏನೂ ಇಲ್ಲವೆಂದೂ, ಮುಪ್ಪಿನಲ್ಲಿ ಅದು ಮುರಿದರೆ ಅದು ವಯಸ್ಸಿನ ದೋಷವೆಂದೂ ನಾವು ಸುಲಭವಾಗಿ ನಂಬಿಬಿಟ್ಟಿದ್ದೇವೆ.

ಈ ನಂಬಿಕೆ ಸರಿಯಲ್ಲ. ಎಲುಬು ದೇಹದ ಕಂಬವೂ ಹೌದು, ಕಣಜವೂ ಹೌದು. ಅದರೊಳಕ್ಕೆ ದಿನವೂ ಸುಣ್ಣ ತುಂಬುತ್ತದೆ, ಅದರಿಂದ ದಿನವೂ ಸುಣ್ಣ ಹೊರಬೀಳುತ್ತದೆ. ಬಾಲ್ಯದಲ್ಲಿಯೂ ಹರೆಯದಲ್ಲಿಯೂ ತುಂಬುವುದು ಹೆಚ್ಚು. ನಡುವಯಸ್ಸಿನಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮ. ಅನಂತರ ಸೋರುವುದೇ ಹೆಚ್ಚು. ಎಪ್ಪತ್ತರ ವಯಸ್ಸಿನಲ್ಲಿ ಬಚ್ಚಲುಮನೆಯಲ್ಲಿ ಜಾರಿಬಿದ್ದ ಅಜ್ಜಿಯ ಸೊಂಟದ ಮೂಳೆ ಮುರಿಯುವುದೋ ಉಳಿಯುವುದೋ ಎಂಬ ಪ್ರಶ್ನೆಗೆ ಉತ್ತರದ ದೊಡ್ಡದೊಂದು ಭಾಗ, ಆಕೆ ಹದಿನೈದರ ಹುಡುಗಿಯಾಗಿದ್ದಾಗ ಏನು ಉಂಡಳು, ಎಷ್ಟು ಆಡಿದಳು ಎಂಬುದರಲ್ಲಿ ಅಡಗಿದೆ. ಆದ್ದರಿಂದ ಮೂಳೆ ಸವೆತವು ಮುದುಕರ ವಿಷಯವೆಂದು ನಮ್ಮ ವಿದ್ಯಾರ್ಥಿಗಳು ಈ ಪುಟವನ್ನು ಮಗುಚಿಹಾಕಬಾರದು. ಇದು ಅವರ ಇಂದಿನ ವಿಷಯ. ಮೂಳೆ ಕಟ್ಟಿಕೊಳ್ಳಬೇಕಾದ ವರ್ಷಗಳಲ್ಲಿಯೇ ನಮ್ಮ ಮನೆಗಳೂ ವಿದ್ಯಾಶಾಲೆಗಳೂ ಕೂಡಿ ಅವರಿಂದ ಆಟವನ್ನೂ ಬಿಸಿಲನ್ನೂ ಒಳ್ಳೆಯ ಊಟವನ್ನೂ ಕಸಿದುಕೊಳ್ಳುತ್ತಿವೆ ಎಂಬುದು ನಮ್ಮ ದೂರು. ಈ ದೂರಿಗೆ ಆಧಾರಗಳನ್ನು ಒಂದೊಂದಾಗಿ ಮುಂದಿಡುತ್ತೇವೆ.

ಕಲ್ಲು ಮತ್ತು ನಾರು

ಕೋಳಿಯ ಕಾಲಿನ ಎಲುಬೊಂದನ್ನು ಶುದ್ಧಮಾಡಿ ವಿನಿಗರ್‌ನಲ್ಲಿ ಕೆಲವು ದಿನ ನೆನೆಯಿಟ್ಟರೆ ಅದು ರಬ್ಬರಿನಂತೆ ಬಾಗತೊಡಗುತ್ತದೆ. ಆಮ್ಲವು ಅದರಲ್ಲಿದ್ದ ಸುಣ್ಣದ ಲವಣಗಳನ್ನು ಕರಗಿಸಿ, ನಾರಿನ ಹಂದರವನ್ನು ಮಾತ್ರ ಉಳಿಸಿದೆ. ಇನ್ನೊಂದು ಎಲುಬನ್ನು ಕೆಂಡದಲ್ಲಿ ಚೆನ್ನಾಗಿ ಸುಟ್ಟರೆ ಆಕಾರ ಹಾಗೆಯೇ ಇರುತ್ತದೆ. ಆದರೆ ಬೆರಳಿನಿಂದ ಅದುಮಿದೊಡನೆ ಪುಡಿಯಾಗುತ್ತದೆ. ಇಲ್ಲಿ ನಾರು ಉರಿದುಹೋಗಿ ಸುಣ್ಣದ ಲವಣ ಮಾತ್ರ ಉಳಿದಿದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರಿನಲ್ಲಿ ಸುಲಭವಾಗಿ ಮಾಡಿನೋಡಬಹುದಾದ ಈ ಎರಡು ಪ್ರಯೋಗಗಳು ಎಲುಬಿನ ಗುಟ್ಟನ್ನು ಬಿಡಿಸಿ ಹೇಳುತ್ತವೆ. ನಾರೆಂದರೆ ಕೊಲಾಜೆನ್ ಎಂಬ ಸಸಾರಜನಕ ವಸ್ತು. ಲವಣವೆಂದರೆ ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಹೈಡ್ರಾಕ್ಸಿ ಅಪಟೈಟ್ ಎಂಬ ಹರಳು. ಕಾಂಕ್ರೀಟಿನಲ್ಲಿ ಉಕ್ಕಿನ ಕಂಬಿಯು ಎಳೆತವನ್ನೂ ಜಲ್ಲಿ ಸಿಮೆಂಟುಗಳು ಅದುಮಿಕೆಯನ್ನೂ ತಾಳಿಕೊಳ್ಳುವಂತೆ, ಎಲುಬಿನಲ್ಲಿ ನಾರು ಎಳೆತಕ್ಕೂ ಹರಳು ಅದುಮಿಕೆಗೂ ಎದುರುನಿಲ್ಲುತ್ತವೆ.

ಸುಣ್ಣವನ್ನು ಮನುಷ್ಯ ಸಾವಿರಾರು ವರ್ಷಗಳಿಂದ ಗೋಡೆಗೆ ಬಳಿಯುತ್ತ ಬಂದಿದ್ದರೂ ಅದರಲ್ಲಿ ಅಡಗಿದ್ದ ಲೋಹವನ್ನು ಕಂಡದ್ದು 1808ರಲ್ಲಿ. ಇಂಗ್ಲೆಂಡಿನ ಹಂಫ್ರಿ ಡೇವಿ ವಿದ್ಯುತ್ಪ್ರವಾಹದ ನೆರವಿನಿಂದ ಅದನ್ನು ಬೇರ್ಪಡಿಸಿ ಕ್ಯಾಲ್ಸಿಯಂ ಎಂದು ಹೆಸರಿಟ್ಟನು. ವಯಸ್ಕನ ದೇಹದಲ್ಲಿ ಈ ಮೂಲವಸ್ತು ಸುಮಾರು ಒಂದು ಕಿಲೋಗ್ರಾಂನಷ್ಟು ಇದೆ. ಅದರಲ್ಲಿ ಶೇಕಡ 99 ಭಾಗ ಎಲುಬು ಮತ್ತು ಹಲ್ಲುಗಳಲ್ಲಿದೆ. ಉಳಿದ ಶೇಕಡ 1 ಭಾಗದ ಕಥೆ ಇನ್ನೂ ಸ್ವಾರಸ್ಯವಾದುದು.

ಕಣಜದ ಮೇಲಿನ ಬೇಡಿಕೆ

ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯನು 1880ರ ದಶಕದ ಆರಂಭದಲ್ಲಿ, ದೇಹದಿಂದ ಬೇರ್ಪಡಿಸಿದ ಕಪ್ಪೆಯ ಹೃದಯವನ್ನು ಲವಣದ್ರಾವಣದಲ್ಲಿಟ್ಟು ಅದರ ಮಿಡಿತವನ್ನು ಪರೀಕ್ಷಿಸುತ್ತಿದ್ದನು. ಒಂದು ಸಲ ಹೃದಯ ಬಹಳ ಹೊತ್ತು ಚೆನ್ನಾಗಿ ಮಿಡಿಯಿತು. ವಿಚಾರಿಸಿನೋಡಿದಾಗ, ದ್ರಾವಣವನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಮಾಡದೆ ನಲ್ಲಿಯ ನೀರಿನಲ್ಲಿ ಮಾಡಲಾಗಿತ್ತು ಎಂದು ತಿಳಿಯಿತು. ಲಂಡನ್ನಿನ ನಲ್ಲಿಯ ನೀರು ಗಡಸು; ಅದರಲ್ಲಿ ಸುಣ್ಣದ ಲವಣಗಳುಂಟು. ಶುದ್ಧವಾದ ನೀರಿನಲ್ಲಿ ನಿಂತುಹೋಗುತ್ತಿದ್ದ ಹೃದಯವನ್ನು ಅತ್ಯಲ್ಪ ಕ್ಯಾಲ್ಸಿಯಂ ನಡೆಯಿಸುತ್ತಿತ್ತು. 1883ರಲ್ಲಿ ರಿಂಗರನು ಇದನ್ನು ಪ್ರಕಟಿಸಿದನು. ಹೃದಯವಷ್ಟೇ ಅಲ್ಲ, ಸ್ನಾಯುಗಳ ಸಂಕೋಚ, ನರಗಳ ಸಂದೇಶ, ರಕ್ತದ ಹೆಪ್ಪುಗಟ್ಟುವಿಕೆ ಇವೆಲ್ಲಕ್ಕೂ ಕ್ಯಾಲ್ಸಿಯಂ ಬೇಕೆಂದು ಇಂದು ನಮಗೆ ಗೊತ್ತಿದೆ.

ಇಷ್ಟು ಮುಖ್ಯವಾದ ವಸ್ತುವಿನ ಪ್ರಮಾಣವನ್ನು ರಕ್ತದಲ್ಲಿ ಏರುಪೇರಾಗಲು ಬಿಡಲಾಗದು. ಪ್ರತಿ 100 ಮಿಲಿಲೀಟರಿಗೆ ಸುಮಾರು 10 ಮಿಲಿಗ್ರಾಂ ಎಂಬ ಮಟ್ಟವನ್ನು ದೇಹವು ಬಲು ಬಿಗಿಯಾಗಿ ಕಾಯ್ದುಕೊಳ್ಳುತ್ತದೆ. ರಕ್ತದ ದ್ರವಭಾಗದಲ್ಲೆಲ್ಲ ಸೇರಿ ಇರುವ ಕ್ಯಾಲ್ಸಿಯಂ ಹೆಚ್ಚೆಂದರೆ 300 ಮಿಲಿಗ್ರಾಂನಷ್ಟು. ಒಂದು ಹೊತ್ತು ಊಟದಲ್ಲಿ ಅದು ದೊರೆಯಲಿಲ್ಲವೆಂದು ಹೃದಯ ಕಾಯುತ್ತ ಕೂರುವಂತಿಲ್ಲ. ಮಟ್ಟ ತುಸು ಇಳಿದೊಡನೆ ಕೊರಳಿನಲ್ಲಿರುವ ಪ್ಯಾರಾಥೈರಾಯಿಡ್ ಎಂಬ ನಾಲ್ಕು ಪುಟ್ಟ ಗ್ರಂಥಿಗಳು ತಮ್ಮ ಸ್ರಾವವನ್ನು ರಕ್ತಕ್ಕೆ ಬಿಡುತ್ತವೆ. ಅದರ ಪರಿಣಾಮವಾಗಿ ಎಲುಬಿನ ಕಣಜದ ಬಾಗಿಲು ತೆರೆಯುತ್ತದೆ. ಅಲ್ಲಿಂದ ಸುಣ್ಣ ಕರಗಿ ರಕ್ತಕ್ಕೆ ಬರುತ್ತದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೃದಯಕ್ಕೂ ನರಕ್ಕೂ ತಟ್ಟನೆ ತೊಂದರೆಯಾಗುವುದಿಲ್ಲ. ಅದರ ಬೆಲೆಯನ್ನು ಎಲುಬು ತೆರುತ್ತದೆ. ಎರಡನೆಯದಾಗಿ, ಹೀಗೆ ಎಲುಬು ತೆರುವ ಬೆಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಸಾಮಾನ್ಯ ರಕ್ತಪರೀಕ್ಷೆಯಲ್ಲಿಯೂ ಕ್ಯಾಲ್ಸಿಯಂ ಸರಿಯಾಗಿಯೇ ಇರುತ್ತದೆ. ಕೊರತೆ ಹತ್ತಾರು ವರ್ಷ ಮುಂದುವರಿದ ಮೇಲೆ, ಸಣ್ಣ ಪೆಟ್ಟೊಂದಕ್ಕೆ ಮೂಳೆ ಮುರಿದಾಗ ಮಾತ್ರ ಕಣಜ ಬರಿದಾದದ್ದು ತಿಳಿಯುತ್ತದೆ.

ಎಲುಬಿನ ಯಂತ್ರಶಾಸ್ತ್ರ

ಭೌತಶಾಸ್ತ್ರವನ್ನು ಓದುವವರಿಗೆ ಎಲುಬಿನಷ್ಟು ಚೆಲುವಾದ ಪಾಠ ಬೇರೊಂದು ದೊರೆಯಲಾರದು. 1866ರಲ್ಲಿ ಜೂರಿಚ್ ನಗರದಲ್ಲಿ ಹರ್ಮನ್ ಫಾನ್ ಮೇಯರ್ ಎಂಬ ಅಂಗರಚನಾಶಾಸ್ತ್ರಜ್ಞನು ತೊಡೆಯೆಲುಬಿನ ತಲೆಯನ್ನು ಸೀಳಿ ಅದರ ಒಳರಚನೆಯನ್ನು ವಿದ್ವಾಂಸರಿಗೆ ತೋರಿಸಿದನು. ಸ್ಪಂಜಿನಂತೆ ಕಾಣುವ ಆ ಭಾಗದಲ್ಲಿ ಸಣ್ಣ ಸಣ್ಣ ಎಲುಬಿನ ಎಳೆಗಳು ಕಮಾನಿನಾಕಾರದಲ್ಲಿ ಸಾಲುಗಟ್ಟಿದ್ದವು. ಸಭೆಯಲ್ಲಿದ್ದ ಕಾರ್ಲ್ ಕುಲ್ಮನ್ ಎಂಬ ಎಂಜಿನಿಯರನು ಅದನ್ನು ಕಂಡು ಚಕಿತನಾದನು. ಭಾರವೆತ್ತುವ ಕ್ರೇನಿನ ಬಾಗಿದ ತೋಳಿನಲ್ಲಿ ಎಳೆತ ಮತ್ತು ಅದುಮಿಕೆಯ ರೇಖೆಗಳು ಹೇಗೆ ಹಾಯುತ್ತವೆಯೆಂದು ಗಣಿತದಿಂದ ಎಳೆದ ಚಿತ್ರಕ್ಕೂ ಈ ಎಳೆಗಳ ಸಾಲಿಗೂ ಬಲವಾದ ಹೋಲಿಕೆಯಿತ್ತು. ಭಾರ ಎಲ್ಲಿ ಹಾಯುವುದೋ ಅಲ್ಲಿ ಎಲುಬು ಬೆಳೆಯುತ್ತದೆ, ಭಾರವಿಲ್ಲದಲ್ಲಿ ಸವೆಯುತ್ತದೆ ಎಂಬ ನಿಯಮವನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದನು.

ಈ ಕೆಲಸವನ್ನು ಮಾಡುವವು ಎರಡು ಬಗೆಯ ಜೀವಕೋಶಗಳು. ಒಂದು ಬಗೆಯವು ಹಳೆಯ ಎಲುಬನ್ನು ಕೆಡವುತ್ತವೆ, ಇನ್ನೊಂದು ಬಗೆಯವು ಹೊಸ ಎಲುಬನ್ನು ಕಟ್ಟುತ್ತವೆ. ವಯಸ್ಕನ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಭಾಗ ಪ್ರತಿವರ್ಷವೂ ಹೀಗೆ ಹೊಸದಾಗುತ್ತದೆ. ಎಲ್ಲಿ ಹೆಚ್ಚು ಕಟ್ಟಬೇಕೆಂಬ ಸೂಚನೆ ದೊರೆಯುವುದು ಓಟ, ನೆಗೆತ, ಹೊರೆ ಇವುಗಳಿಂದ ಎಲುಬಿನಲ್ಲುಂಟಾಗುವ ಅತಿಸೂಕ್ಷ್ಮ ಬಾಗುವಿಕೆಯಿಂದ. ಸುಣ್ಣವು ಕಟ್ಟುವ ಸಾಮಗ್ರಿ. ಭಾರವು ಕಟ್ಟೆಂಬ ಆಜ್ಞೆ. ಸಾಮಗ್ರಿ ರಾಶಿಬಿದ್ದಿದ್ದರೂ ಆಜ್ಞೆಯಿಲ್ಲದೆ ಕೆಲಸ ಸಾಗದು. ಆಕಾಶಯಾನಿಗಳ ಅನುಭವವೇ ಇದಕ್ಕೆ ಸಾಕ್ಷಿ. ತೂಕವಿಲ್ಲದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇದ್ದವರ ಸೊಂಟದ ಎಲುಬು, ಊಟದಲ್ಲಿ ಕೊರತೆಯಿಲ್ಲದಿದ್ದರೂ, ತಿಂಗಳಿಗೆ ಶೇಕಡ 1ರಿಂದ 1.5ರಷ್ಟು ಸಾಂದ್ರತೆಯನ್ನು ಕಳೆದುಕೊಂಡುದು ಕಂಡುಬಂದಿದೆ. ಭೂಮಿಯ ಮೇಲೆ ವಯಸ್ಸಾದವರು ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಕಳೆದುಕೊಳ್ಳುವಷ್ಟು ಅದು. ಇದಕ್ಕೆ ಪ್ರತಿಯಾದ ಉದಾಹರಣೆ ಟೆನಿಸ್ ಆಟಗಾರರದು. 1977ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ನುರಿತ ಆಟಗಾರರ ಆಡುವ ತೋಳಿನ ಎಲುಬಿನ ಗೋಡೆ ಮತ್ತೊಂದು ತೋಳಿನದಕ್ಕಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಹೆಚ್ಚು ದಪ್ಪವಾಗಿತ್ತು. ಎರಡು ತೋಳಿಗೂ ಊಟ ಒಂದೇ, ರಕ್ತ ಒಂದೇ. ಬೇರೆಯಾದುದು ದುಡಿಮೆ ಮಾತ್ರ.

ಇನ್ನು ಸವೆತದ ಪರಿಣಾಮವನ್ನು ಲೆಕ್ಕಹಾಕಿ ನೋಡೋಣ. ಸ್ಪಂಜಿನಂತಹ ಎಲುಬಿನ ಬಲವು ಅದರ ಸಾಂದ್ರತೆಯ ವರ್ಗಕ್ಕೆ ಅನುಪಾತವಾಗಿದೆಯೆಂದು ಸ್ಥೂಲವಾಗಿ ಹೇಳಬಹುದು. ಸಾಂದ್ರತೆ ಶೇಕಡ 30ರಷ್ಟು ಇಳಿದು 0.7 ಭಾಗ ಉಳಿದರೆ, ಬಲವು 0.49 ಭಾಗಕ್ಕೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಮೂರನೆಯ ಒಂದು ಭಾಗಕ್ಕೂ ಕಡಿಮೆ ಕಳೆದುಕೊಂಡವನು ಬಲದಲ್ಲಿ ಅರ್ಧವನ್ನು ಕಳೆದುಕೊಂಡನು. ಬೆನ್ನೆಲುಬಿನ ಮಣಿಗಳೊಳಗೆ ಇದಕ್ಕಿಂತಲೂ ಗಂಡಾಂತರದ ಸಂಗತಿಯೊಂದಿದೆ. ಅಲ್ಲಿ ನೆಟ್ಟಗೆ ನಿಂತ ಎಳೆಗಳನ್ನು ಅಡ್ಡ ಎಳೆಗಳು ಹಿಡಿದು ನಿಲ್ಲಿಸಿವೆ. ನೀಳವಾದ ಕಂಬವೊಂದು ಬಾಗಿ ಕುಸಿಯುವ ಭಾರ ಅದರ ಉದ್ದದ ವರ್ಗಕ್ಕೆ ವಿಲೋಮವಾಗಿದೆಯೆಂದು 18ನೆಯ ಶತಮಾನದ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟಿದ್ದಾನೆ. ನಡುವಿನ ಅಡ್ಡ ಎಳೆಯೊಂದು ಸವೆದು ಕಡಿದುಹೋದರೆ ಕಂಬದ ಆಧಾರವಿಲ್ಲದ ಉದ್ದ ಎರಡರಷ್ಟಾಗುತ್ತದೆ. ಅದು ತಾಳಬಲ್ಲ ಭಾರ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ವಯಸ್ಸಾದವರ ಬೆನ್ನು ಗೂನಾಗುವುದಕ್ಕೂ ಎತ್ತರ ಕುಗ್ಗುವುದಕ್ಕೂ ಒಂದು ಮುಖ್ಯ ಕಾರಣ, ಈ ಮಣಿಗಳು ಒಳಗೊಳಗೇ ಕುಸಿಯುವುದು. ಒಮ್ಮೆ ಕಡಿದುಹೋದ ಅಡ್ಡ ಎಳೆಯನ್ನು ಮತ್ತೆ ಹೆಣೆಯುವುದು ದೇಹಕ್ಕೆ ಬಲು ಕಷ್ಟ. ಆದ್ದರಿಂದ ಕಟ್ಟಡವನ್ನು ಆರಂಭದಲ್ಲಿಯೇ ಗಟ್ಟಿಯಾಗಿ ಕಟ್ಟಿಕೊಳ್ಳುವುದೇ ಜಾಣತನ.

ಗಳಿಕೆಯ ಕಾಲ

ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ 1991ರಿಂದ ಹಲವು ವರ್ಷ ಒಂದೇ ಗುಂಪಿನ ಮಕ್ಕಳ ಎಲುಬುಗಳನ್ನು ಅಳೆಯುತ್ತ ಹೋದರು. ಎಲುಬಿಗೆ ಸುಣ್ಣ ಅತ್ಯಂತ ವೇಗವಾಗಿ ತುಂಬುವ ಕಾಲ ಹುಡುಗಿಯರಲ್ಲಿ ಸುಮಾರು ಹನ್ನೆರಡೂವರೆ ವರ್ಷ, ಹುಡುಗರಲ್ಲಿ ಸುಮಾರು ಹದಿನಾಲ್ಕು ವರ್ಷ ಎಂದು ಅದರಿಂದ ತಿಳಿದುಬಂತು. ಆ ಸುಮಾರಿನ ಎರಡೇ ವರ್ಷಗಳಲ್ಲಿ, ವಯಸ್ಕನ ಎಲುಬಿನಲ್ಲಿರುವ ಖನಿಜದ ನಾಲ್ಕನೆಯ ಒಂದು ಭಾಗದಷ್ಟು ಸಂಗ್ರಹವಾಗುತ್ತದೆ. ಆಗ ದಿನವೊಂದಕ್ಕೆ ಸುಮಾರು 300 ಮಿಲಿಗ್ರಾಂ ಕ್ಯಾಲ್ಸಿಯಂ ಎಲುಬಿಗೆ ಸೇರುತ್ತಿರುತ್ತದೆ. ಹದಿನೆಂಟು ಇಪ್ಪತ್ತರ ವೇಳೆಗೆ ಜೀವಮಾನದ ಗಳಿಕೆಯ ಶೇಕಡ 90ರಷ್ಟು ಮುಗಿದಿರುತ್ತದೆ. ಉಳಿದುದು ಮೂವತ್ತರೊಳಗೆ ಮೆಲ್ಲನೆ ಕೂಡುತ್ತದೆ. ಆಮೇಲೆ ಕಾಪಾಡಿಕೊಳ್ಳಬಹುದೇ ಹೊರತು ಹೆಚ್ಚಾಗಿ ಕೂಡಿಹಾಕಲಾಗದು.

ಈ ಅಂಕಿಗಳನ್ನು ಓದಿದಾಗ ನಮ್ಮ ಮನಸ್ಸಿಗೆ ಮೊದಲು ಬರುವುದು ನಮ್ಮ ಹೆಣ್ಣುಮಕ್ಕಳ ಸ್ಥಿತಿ. ಹನ್ನೆರಡು ಹದಿಮೂರರ ವಯಸ್ಸಿನವರೆಗೆ ಕುಂಟಬಿಲ್ಲೆ, ಹಗ್ಗದಾಟ, ಮುಟ್ಟಾಟಗಳಲ್ಲಿ ಮೈಮರೆತಿದ್ದ ಹುಡುಗಿಗೆ, ಅವಳು ದೊಡ್ಡವಳಾದಳೆಂಬ ಕಾರಣದಿಂದ, ಇನ್ನು ನೆಗೆಯಬೇಡ, ಓಡಬೇಡ, ಬೀದಿಗೆ ಹೋಗಬೇಡ ಎಂದು ಬುದ್ಧಿಹೇಳುವ ಮನೆಗಳು ಇಂದಿಗೂ ಕಡಿಮೆಯಿಲ್ಲ. ಎಲುಬು ಆಜ್ಞೆಗಾಗಿ ಕಾದುಕೂತಿರುವ ವರ್ಷದಲ್ಲಿಯೇ ಆಜ್ಞೆ ನಿಲ್ಲುತ್ತದೆ. ಫಿನ್ಲೆಂಡಿನಲ್ಲಿ 1995ರಲ್ಲಿ ಟೆನಿಸ್ ಮತ್ತು ಸ್ಕ್ವಾಷ್ ಆಡುವ ಮಹಿಳೆಯರನ್ನು ಪರೀಕ್ಷಿಸಿದಾಗ, ಮೈನೆರೆಯುವುದಕ್ಕೆ ಮೊದಲು ಅಥವಾ ಆ ಸುಮಾರಿನಲ್ಲಿ ಆಟಕ್ಕಿಳಿದವರಿಗೆ ತೋಳಿನ ಎಲುಬಿನಲ್ಲಿ ದೊರೆತ ಲಾಭ, ಬಹಳ ತಡವಾಗಿ ಆರಂಭಿಸಿದವರಿಗಿಂತ ಎರಡು ಪಟ್ಟಿಗೂ ಮೀರಿತ್ತು. ಮುಂದೆ ಇದೇ ಹುಡುಗಿ ತಾಯಿಯಾಗುವಳು. ಗರ್ಭದ ಶಿಶುವಿನ ಎಲುಬಿಗೆ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಕೊಡುವಳು. ಹಾಲೂಡಿಸುವಾಗ ದಿನಕ್ಕೆ 200 ಮಿಲಿಗ್ರಾಂ ಮೀರಿ ಕೊಡುವಳು. ಹೀಗೆ ಕೊಟ್ಟುದನ್ನು ದೇಹ ಬಹುಮಟ್ಟಿಗೆ ಮತ್ತೆ ತುಂಬಿಕೊಳ್ಳುತ್ತದೆ. ಆದರೆ ಮುಟ್ಟು ನಿಂತ ಮೇಲೆ, ಎಲುಬನ್ನು ಕಾಯುತ್ತಿದ್ದ ಈಸ್ಟ್ರೋಜೆನ್ ಸ್ರಾವ ಇಳಿದುಹೋಗಿ, ಮೊದಲ ಐದಾರು ವರ್ಷಗಳಲ್ಲಿಯೇ ಎಲುಬಿನ ಹತ್ತನೆಯ ಒಂದು ಭಾಗದವರೆಗೂ ಸೋರಿಹೋಗಬಹುದು. ಜೀವನದಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳಲಿರುವವಳಿಗೆ ಗಳಿಸುವ ಅವಕಾಶವನ್ನು ಎಲ್ಲರಿಗಿಂತ ಮೊದಲು ತಪ್ಪಿಸುವುದು ಯಾವ ನ್ಯಾಯ?

ಹುಡುಗರ ಪಾಡೂ ಬಹಳ ಮೇಲಲ್ಲ. ಹತ್ತನೆಯ ತರಗತಿ ಬಂತೆಂದರೆ ಆಟದ ಅವಧಿ ಗಣಿತದ ಅವಧಿಯಾಗುತ್ತದೆ. ಪಿ.ಯು.ಸಿ.ಯ ಎರಡು ವರ್ಷಗಳಂತೂ ಪ್ರವೇಶಪರೀಕ್ಷೆಗಳ ಹೆಸರಿನಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ಕುರ್ಚಿಯ ಮೇಲೆಯೇ ಕಳೆದುಹೋಗುತ್ತವೆ. ಆ ಪರೀಕ್ಷೆಗಳಿಗೆ ಪಾಠಹೇಳುವವರಲ್ಲಿ ನಾವೂ ಸೇರಿದ್ದೇವೆಂಬುದನ್ನು ಮರೆತು ಈ ಮಾತನ್ನು ಹೇಳುತ್ತಿಲ್ಲ. ತಪ್ಪಿದ ಪರೀಕ್ಷೆಯನ್ನು ಮರುವರ್ಷ ಬರೆಯಬಹುದು. ಹದಿನಾರನೆಯ ವಯಸ್ಸಿನ ಎಲುಬನ್ನು ಇಪ್ಪತ್ತಾರರಲ್ಲಿ ಕಟ್ಟಲಾಗದು.

ತಟ್ಟೆಯಲ್ಲಿನ ಸುಣ್ಣ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೊಡನೆ 2020ರಲ್ಲಿ ಹೊರತಂದ ಪಟ್ಟಿಯಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, 16ರಿಂದ 18 ವರ್ಷದವರಿಗೆ 1,050 ಮಿಲಿಗ್ರಾಂ, ಹಾಲೂಡಿಸುವ ತಾಯಂದಿರಿಗೂ ಮುಟ್ಟು ನಿಂತವರಿಗೂ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಉಂಡುದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ಒಂದು ಭಾಗ ಮಾತ್ರ ಸೇರುತ್ತದೆ. ಆದುದರಿಂದಲೇ ಬೇಕಾದ ಮೊತ್ತ ಇಷ್ಟು ದೊಡ್ಡದು.

ಇದನ್ನು ನಮ್ಮ ತಟ್ಟೆಯ ಮೇಲೆ ಲೆಕ್ಕಹಾಕಿ ನೋಡಿದರೆ ಗಾಬರಿಯಾಗುತ್ತದೆ. 100 ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿರುವ ಕ್ಯಾಲ್ಸಿಯಂ 10 ಮಿಲಿಗ್ರಾಂಗಿಂತ ಹೆಚ್ಚಿಲ್ಲ. ಮೂರು ಹೊತ್ತೂ ಅಕ್ಕಿಯನ್ನೇ ಇಡ್ಲಿ, ದೋಸೆ, ಅನ್ನಗಳ ರೂಪದಲ್ಲಿ 400 ಗ್ರಾಂ ಉಂಡವನಿಗೂ ಅದರಿಂದ ದೊರೆಯುವುದು 40 ಮಿಲಿಗ್ರಾಂ ಮಾತ್ರ. ಜೋಳ ಗೋಧಿಗಳು ತುಸು ಮೇಲು. ರಾಗಿಯಲ್ಲಾದರೋ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಉಂಟು. ಧಾನ್ಯಗಳಲ್ಲಿ ಇದಕ್ಕೆ ಸಾಟಿಯಾದುದಿಲ್ಲ. ಕನಕದಾಸರು ರಾಮಧಾನ್ಯಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ವ್ಯಾಜ್ಯ ಹೂಡಿಸಿ, ಆರು ತಿಂಗಳು ಸೆರೆಯಲ್ಲಿಟ್ಟರೂ ಕೆಡದ ರಾಗಿಗೆ ರಾಮನಿಂದ ಗೆಲುವನ್ನು ಕೊಡಿಸಿದರು. ರಸಾಯನಶಾಸ್ತ್ರದ ತಕ್ಕಡಿಯಲ್ಲಿ ತೂಗಿದರೂ ಸುಣ್ಣದ ಮಟ್ಟಿಗೆ ತೀರ್ಪು ಬದಲಾಗುವುದಿಲ್ಲ. ಹೀಗಿದ್ದರೂ ಪೇಟೆಗೆ ಬಂದ ನಮ್ಮ ಮನೆಗಳಲ್ಲಿ ಮುದ್ದೆಯನ್ನು ಬಡವರ ಊಟವೆಂದು ದೂರವಿಟ್ಟ ತಲೆಮಾರೊಂದು ಆಗಿಹೋಯಿತು. 2023ನೆಯ ಇಸವಿಯನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ರಾಗಿಗೆ ಮತ್ತೆ ಗೌರವ ಬಂದಿರುವುದು ಸಂತೋಷ. ಅದು ದುಬಾರಿ ಬಿಸ್ಕತ್ತಿನ ಪೊಟ್ಟಣದಲ್ಲಿ ನಿಲ್ಲದೆ ಊಟದ ತಟ್ಟೆಗೆ ಬರಬೇಕು.

ಹಸುವಿನ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 120 ಮಿಲಿಗ್ರಾಂ ಇದೆ. ಹಾಲು ಒಗ್ಗದವರಲ್ಲಿ ಅನೇಕರಿಗೆ ಮೊಸರು ಒಗ್ಗುತ್ತದೆ. ಎಳ್ಳಿನಲ್ಲಿ 100 ಗ್ರಾಂಗೆ 1,000 ಮಿಲಿಗ್ರಾಂಗೂ ಮೀರಿ ಉಂಟು. ಸಂಕ್ರಾಂತಿಯ ಎಳ್ಳುಬೆಲ್ಲವೂ, ಸಜ್ಜೆಯ ರೊಟ್ಟಿಯ ಮೇಲೆ ತಟ್ಟುವ ಎಳ್ಳೂ ರುಚಿಗಾಗಿ ಮಾತ್ರ ಇದ್ದವಲ್ಲ. ಹುರುಳಿ, ನುಗ್ಗೆಸೊಪ್ಪು, ಉತ್ತರ ಕರ್ನಾಟಕದ ಗುರೆಳ್ಳಿನ ಚಟ್ನಿಪುಡಿ, ಕರಾವಳಿಯಲ್ಲಿ ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಇವೆಲ್ಲವೂ ಒಳ್ಳೆಯ ಆಕರಗಳೇ. ದಿನಕ್ಕೆ 100 ಗ್ರಾಂ ರಾಗಿಹಿಟ್ಟಿನ ಮುದ್ದೆ, 300 ಮಿಲಿಲೀಟರು ಹಾಲುಮೊಸರು, ಒಂದು ಹಿಡಿ ಸೊಪ್ಪು, ಒಂದು ಚಮಚ ಎಳ್ಳು, ಬೇಳೆಕಾಳು ಇಷ್ಟನ್ನು ಕೂಡಿಸಿದರೆ 900ರಿಂದ 1,000 ಮಿಲಿಗ್ರಾಂ ಆಗುತ್ತದೆ. ಬಡವನ ಕೈಗೆ ಹಾಲು ಎಟುಕದಿದ್ದರೂ ರಾಗಿಯೂ ಹಿತ್ತಿಲ ನುಗ್ಗೆಯೂ ಎಟುಕಬಲ್ಲವು.

ಮೂರು ಎಚ್ಚರಿಕೆಗಳನ್ನು ಹೇಳಬೇಕು. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಾಲಿಕ್ ಆಮ್ಲ ಅದನ್ನು ಕಟ್ಟಿಹಾಕಿರುವುದರಿಂದ ಇಪ್ಪತ್ತನೆಯ ಒಂದು ಭಾಗ ಮಾತ್ರ ದೇಹಕ್ಕೆ ದಕ್ಕುತ್ತದೆ. ರಾಗಿಯಲ್ಲಿರುವ ಫೈಟಿಕ್ ಆಮ್ಲವೂ ಸ್ವಲ್ಪ ತಡೆಯೊಡ್ಡುತ್ತದೆ; ಆದರೆ ರಾಗಿಯನ್ನು ಮೊಳಕೆಕಟ್ಟಿ ಬೀಸುವ, ಅಂಬಲಿಯನ್ನು ಹುಳಿಯಿಡುವ ನಮ್ಮ ಹಳೆಯ ಪದ್ಧತಿಗಳು ಆ ತಡೆಯನ್ನು ಕಡಿಮೆಮಾಡುತ್ತವೆ. ಎರಡನೆಯದು ಉಪ್ಪು. ಸುಮಾರು 6 ಗ್ರಾಂ ಉಪ್ಪು ದೇಹದಿಂದ ಹೊರಹೋಗುವಾಗ 40 ಮಿಲಿಗ್ರಾಂ ಕ್ಯಾಲ್ಸಿಯಮನ್ನು ಮೂತ್ರದಲ್ಲಿ ಜೊತೆಗೆ ಕರೆದೊಯ್ಯುತ್ತದೆ. ಆ ನಷ್ಟ ತುಂಬದೆ ಹೋದರೆ ವರ್ಷಕ್ಕೆ 14 ಗ್ರಾಂಗೂ ಮೀರಿ, ಅಂದರೆ ಅಸ್ಥಿಪಂಜರದ ಸುಣ್ಣದಲ್ಲಿ ಶೇಕಡ ಒಂದೂವರೆಯಷ್ಟು ಆಯಿತು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಕುರುಕುಲು ತಿಂಡಿಗಳ ವಿಷಯದಲ್ಲಿ ಇದನ್ನು ನೆನೆಯಬೇಕು. ಮೂರನೆಯದು, ಎಲೆಯಡಿಕೆಯ ಸುಣ್ಣದಿಂದ ಎಲುಬು ಗಟ್ಟಿಯಾಗುವುದೆಂಬ ಮಾತು. ಸುಣ್ಣದ ನೆಪದಲ್ಲಿ ಅಡಿಕೆಯನ್ನು ಅಗಿಯುವುದು ಬಾಯಿಯ ಕ್ಯಾನ್ಸರನ್ನು ಕರೆದುಕೊಂಡಂತೆ. ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತೀರ್ಮಾನಿಸಿದೆ.

ಬಿಸಿಲಿನ ಪಾಲು

ಉಂಡ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ದಾಟಲು ಜೀವಸತ್ತ್ವ ‘ಡಿ’ಯ ಸಹಾಯ ಬೇಕು. ಯೂರೋಪಿನ ಹೊಗೆ ಕವಿದ ಕೈಗಾರಿಕಾ ನಗರಗಳಲ್ಲಿ ಮಕ್ಕಳ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸ್ ಎಂಬ ರೋಗ ಮನೆಮಾಡಿತ್ತು. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ಅಂತಹ ಮಕ್ಕಳ ಮೈಮೇಲೆ ಅತಿನೇರಿಳೆ ಕಿರಣಗಳನ್ನು ಬೀರಿ ರೋಗವನ್ನು ವಾಸಿಮಾಡಿದನು. ಬಿಸಿಲಿನಲ್ಲಿರುವ ಅತಿನೇರಿಳೆ ಕಿರಣ ಚರ್ಮದಲ್ಲಿ ಈ ಜೀವಸತ್ತ್ವವನ್ನು ತಯಾರಿಸುತ್ತದೆ. ಆದರೆ ಅದಕ್ಕೆ ಬೇಕಾದ ಅಲೆಯುದ್ದದ ಕಿರಣ ಕಿಟಕಿಯ ಗಾಜನ್ನು ದಾಟಲಾರದು. ಸೂರ್ಯ ಕೆಳಗಿರುವಾಗ ವಾಯುಮಂಡಲದ ದೀರ್ಘ ಹಾದಿಯಲ್ಲಿಯೇ ಬಹುಪಾಲು ಹೀರಿಹೋಗುತ್ತದೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಅಂಶಕ್ಕಿಂತ ಮೇಲಿದ್ದಾನೆಂದು ಅರ್ಥ. ಆ ಹೊತ್ತಿನ ಬಿಸಿಲು ಈ ಕೆಲಸಕ್ಕೆ ತಕ್ಕುದು. ವರ್ಷವಿಡೀ ಇಂತಹ ಬಿಸಿಲು ಬೀಳುವ ನಮ್ಮ ನಾಡಿನಲ್ಲಿಯೂ ಜೀವಸತ್ತ್ವ ‘ಡಿ’ ಕೊರತೆ ವ್ಯಾಪಕವಾಗಿದೆಯೆಂದು ಅನೇಕ ಪರೀಕ್ಷೆಗಳು ತೋರಿಸಿವೆ. ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಿಲ್ಲ. ಬಿಸಿಲು ಏರುವ ಮೊದಲೇ ಬಸ್ಸನ್ನೇರಿ, ಬಿಸಿಲು ಇಳಿದ ಮೇಲೆ ಕೊಠಡಿಯಿಂದ ಹೊರಬೀಳುವ ವಿದ್ಯಾರ್ಥಿಗೆ ಸೂರ್ಯನು ಪಠ್ಯಪುಸ್ತಕದ ಚಿತ್ರ ಮಾತ್ರ.

ಎರಡು ಆಕ್ಷೇಪಣೆಗಳು

ಇಷ್ಟೆಲ್ಲ ತೊಡಕೇಕೆ, ದಿನಕ್ಕೊಂದು ಮಾತ್ರೆ ನುಂಗಿದರೆ ಸಾಲದೆ ಎಂದು ಕೇಳುವವರುಂಟು. ಅಮೆರಿಕದಲ್ಲಿ 50ರಿಂದ 79 ವರ್ಷದ 36,000ಕ್ಕೂ ಮೀರಿದ ಮಹಿಳೆಯರನ್ನು ಎರಡು ಗುಂಪುಮಾಡಿ, ಒಂದು ಗುಂಪಿಗೆ ಏಳು ವರ್ಷ ಕ್ಯಾಲ್ಸಿಯಂ ಮತ್ತು ಜೀವಸತ್ತ್ವ ‘ಡಿ’ಯ ಮಾತ್ರೆಗಳನ್ನು ಕೊಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ಸೊಂಟದ ಎಲುಬಿನ ಸಾಂದ್ರತೆ ಸ್ವಲ್ಪ ಮೇಲಾಯಿತು. ಆದರೆ ಎಲುಬು ಮುರಿಯುವುದು ನಿಶ್ಚಯವಾಗಿ ಹೇಳುವಷ್ಟು ಕಡಿಮೆಯಾಗಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ಶೇಕಡ 17ರಷ್ಟು ಹೆಚ್ಚಿತು. ಕೊರತೆಯಿರುವವರಿಗೆ ವೈದ್ಯರು ಮಾತ್ರೆ ಕೊಡಲಿ, ಅದು ಬೇರೆ ವಿಷಯ. ಹದಿನೈದರಲ್ಲಿ ಕಟ್ಟದಿದ್ದುದನ್ನು ಅರವತ್ತರಲ್ಲಿ ಔಷಧದ ಅಂಗಡಿಯಿಂದ ಕೊಂಡುತರುವಂತಿಲ್ಲ ಎಂಬುದು ಈ ಪರೀಕ್ಷೆಯ ಪಾಠವೆಂದು ನಾವು ತಿಳಿಯುತ್ತೇವೆ. ಮಕ್ಕಳು ಎತ್ತರ ಬೆಳೆಯುವರೆಂದು ಜಾಹೀರಾತು ಹೇಳುವ ಡಬ್ಬಿಯ ಪುಡಿಗಳ ಮಾತೂ ಅಷ್ಟೆ. ಅವುಗಳಲ್ಲಿ ಹಲವಕ್ಕೆ ಬೆರೆತಿರುವ ಸಕ್ಕರೆಯನ್ನು ಕಂಡರೆ ಮುದ್ದೆಯೂ ಹಾಲೂ ಎಷ್ಟೋ ಮೇಲು.

ಹೆಚ್ಚು ಹಾಲು ಕುಡಿಯುವ ಉತ್ತರ ಯೂರೋಪಿನ ದೇಶಗಳಲ್ಲಿಯೇ ಸೊಂಟದ ಎಲುಬು ಮುರಿಯುವುದು ಹೆಚ್ಚಲ್ಲವೆ ಎಂಬುದು ಎರಡನೆಯ ಆಕ್ಷೇಪಣೆ. ಅದು ನಿಜ. ಅಲ್ಲಿಯ ಜನ ದೀರ್ಘಾಯುಗಳು, ಎತ್ತರವಾದವರು. ಅಲ್ಲಿ ಬಿಸಿಲು ಕಡಿಮೆ, ಜಾರುವ ಹಿಮ ಹೆಚ್ಚು. ಎಲುಬಿನ ಭಾಗ್ಯ ಕ್ಯಾಲ್ಸಿಯಂ ಒಂದರಿಂದಲೇ ನಿರ್ಧಾರವಾಗುವುದೆಂದು ನಾವೆಂದೂ ಹೇಳಿಲ್ಲ. ಸುಣ್ಣ, ಬಿಸಿಲು, ದುಡಿಮೆ ಇವು ಮೂರು ಕಾಲಿನ ಮಣೆ. ಒಂದು ಕಾಲನ್ನು ಉದ್ದಮಾಡಿ ಉಳಿದೆರಡನ್ನು ಮುರಿದರೆ ಮಣೆ ನಿಲ್ಲದು.

ಆಗಬೇಕಾದುದು

2013ರಲ್ಲಿ ಕರ್ನಾಟಕ ಸರ್ಕಾರವು ‘ಕ್ಷೀರಭಾಗ್ಯ’ ಎಂಬ ಹೆಸರಿನಲ್ಲಿ ಹತ್ತನೆಯ ತರಗತಿಯವರೆಗಿನ ಶಾಲಾಮಕ್ಕಳಿಗೆ ತಲಾ 150 ಮಿಲಿಲೀಟರು ಹಾಲು ಕೊಡುವ ಕ್ರಮವನ್ನು ಆರಂಭಿಸಿತು. 2024ರಲ್ಲಿ ಅದರೊಡನೆ ರಾಗಿಹಿಟ್ಟಿನ ಮಿಶ್ರಣವೂ ಸೇರಿತು. ಆ ಲೋಟದಲ್ಲಿ ಹಾಲಿನಿಂದಲೇ ಸುಮಾರು 180 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಇದು ಮೆಚ್ಚತಕ್ಕ ಕೆಲಸ. ಆದರೆ ಎಲುಬು ಹತ್ತನೆಯ ತರಗತಿಯ ಪರೀಕ್ಷೆಯೊಡನೆ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಪಟ್ಟಿಯ ಪ್ರಕಾರ ಅತಿ ಹೆಚ್ಚು ಬೇಕಾಗುವ 16ರಿಂದ 18 ವರ್ಷದ ಮಕ್ಕಳಿಗೂ, ಪಿ.ಯು. ಕಾಲೇಜಿನಲ್ಲಿ, ಇಂತಹ ಲೋಟ ದೊರೆಯಬೇಕೆಂದು ನಾವು ವಾದಿಸುತ್ತೇವೆ. ವಿದ್ಯಾರ್ಥಿನಿಲಯಗಳ ಊಟದ ಪಟ್ಟಿಯಲ್ಲಿ ವಾರಕ್ಕೆ ನಾಲ್ಕು ದಿನವಾದರೂ ರಾಗಿ ಇರಬೇಕು. ಎಲ್ಲಕ್ಕಿಂತ ಮೊದಲು, ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ವೇಳಾಪಟ್ಟಿಯ ನಡುವೆ, ನೆರಳು ಗಿಡ್ಡವಾಗಿರುವ ಹೊತ್ತಿನಲ್ಲಿ, ಅರ್ಧಗಂಟೆಯ ಆಟವನ್ನು ಇಡಬೇಕು; ಆ ಅವಧಿಯನ್ನು ಬೇರೆ ಪಾಠಕ್ಕೆ ಕೊಡತಕ್ಕದ್ದಲ್ಲ; ಹುಡುಗಿಯರಿಗೆ ಅದರಲ್ಲಿ ಹುಡುಗರಷ್ಟೇ ಮೈದಾನ ದೊರೆಯಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ. ಒಂದು ಹಗ್ಗ, ಒಂದು ಚೆಂಡು, ಒಂದು ಖೋ ಖೋ ಕಂಬ ಸಾಕು. ಅರ್ಧಗಂಟೆ ಹೋದರೆ ಅಂಕ ಹೋಗುವುದೆಂದು ಹೆದರುವ ಅಧ್ಯಾಪಕರಿಗೆ, ಎಂಟನೆಯ ಗಂಟೆಯ ಪಾಠದಲ್ಲಿ ಎಷ್ಟು ಮಂದಿ ಎಚ್ಚರವಾಗಿರುವರೆಂದು ಎಣಿಸಿನೋಡಲು ಕೇಳಿಕೊಳ್ಳುತ್ತೇವೆ.

ಮನೆಯ ಹಿರಿಯರಿಗೂ ಒಂದು ಮಾತು. ಗಳಿಕೆಯ ಕಾಲ ಕಳೆದವರು ನಿರಾಶರಾಗಬೇಕಿಲ್ಲ. ಸರಿಯಾದ ಊಟ, ದಿನನಿತ್ಯದ ನಡಿಗೆ, ಅಳವಿಗೆ ತಕ್ಕ ಭಾರವೆತ್ತುವ ಕೆಲಸ ಇವು ಸೋರಿಕೆಯನ್ನು ನಿಧಾನಗೊಳಿಸುತ್ತವೆ. ಸ್ನಾಯು ಗಟ್ಟಿಯಾಗಿದ್ದರೆ ಬೀಳುವುದೂ ಕಡಿಮೆ. ಬಚ್ಚಲಿನ ಪಾಚಿಯನ್ನು ಉಜ್ಜಿ ತೆಗೆದು, ಗೋಡೆಗೊಂದು ಹಿಡಿಕೆಯನ್ನು ಬಡಿಸಿಕೊಡುವುದು ಮೊಮ್ಮಕ್ಕಳು ಮಾಡಬಹುದಾದ ಒಳ್ಳೆಯ ವೈದ್ಯ.

ವಿದ್ಯಾರ್ಥಿಗಳಾದರೋ ಸರ್ಕಾರವನ್ನಾಗಲಿ ವೇಳಾಪಟ್ಟಿಯನ್ನಾಗಲಿ ಕಾಯಬೇಕಾಗಿಲ್ಲ. ನಾಳೆ ಬೆಳಿಗ್ಗೆ ತಟ್ಟೆಯಲ್ಲಿ ಏನಿದೆಯೆಂದು ನೋಡಿ ಮಿಲಿಗ್ರಾಂ ಲೆಕ್ಕ ಬರೆಯಿರಿ. ಮಧ್ಯಾಹ್ನದ ಬಿಡುವಿನಲ್ಲಿ ನಿಮ್ಮ ನೆರಳನ್ನು ಅಳೆಯಿರಿ. ಹಾಗೆಯೇ ಅಂಗಳದಲ್ಲಿ ನಾಲ್ಕು ಸುತ್ತು ಓಡಿಬನ್ನಿ. ತಂಗಿಯಿದ್ದರೆ ಅವಳನ್ನೂ ಜೊತೆಗೆ ಕರೆದುಕೊಳ್ಳಿ. ಅವಳ ಎಲುಬು ಕಟ್ಟಿಕೊಳ್ಳುವ ವರ್ಷಗಳು ನಿಮ್ಮವುಗಳಿಗಿಂತ ಮೊದಲೇ ಮುಗಿಯುತ್ತವೆ.